ಸಂಗೀತದ ಕೆಳಗಿನ ಮಾತು

ಬಾಯಿ ತೆರೆದವಳು ಅವಳೇ, ಆದರೆ ಹೊರಗೆ ಬಂದದ್ದು ಗೊಣಗತ್ತೆಯ ದನಿ.

ಗಾಜಿನ ಆಚೆ ಕೂತಿದ್ದ ಸೌಂಡಿನವನು ತಡೆಯಲಾರದೆ ನಕ್ಕುಬಿಟ್ಟ. ನಕ್ಕಮೇಲೆ ನಾಲಗೆ ಕಚ್ಚಿಕೊಂಡು ಗುಂಡಿ ಒತ್ತಿ ಹೇಳಿದ: "ತಪ್ಪು ತಿಳೀಬೇಡಿ ಅಮ್ಮ. ನಮ್ಮಮ್ಮ ಊಟಕ್ಕೆ ಕೂರೋದೇ ನಿಮ್ಮನ್ನ ನೋಡ್ಕೊಂಡು. ಆ ದನಿ ಕೇಳಿದ್ರೆ ಈಗ್ಲೂ ನಂಗೆ ಹಸಿವಾಗುತ್ತೆ."

"ಹಸಿವಾದ್ರೆ ತಿನ್ನು, ನಗ್ಬೇಡ," ಎಂದಳು. ಅದೂ ಮೂಗಿನಲ್ಲೇ ಬಂತು. ಈ ಸಲ ಅವನ ಪಕ್ಕದಲ್ಲಿ ಕಾಗದ ಹಿಡಿದು ನಿಂತಿದ್ದ ಹಳೇ ಚಿತ್ರಗಳ ಸಂಗ್ರಹಾಲಯದ ಹೆಣ್ಣುಮಗಳೂ ನಕ್ಕಳು.

ಎದುರಿನ ಪರದೆಯ ಮೇಲೆ ಕಪ್ಪುಬಿಳುಪಿನಲ್ಲಿ ಇಪ್ಪತ್ನಾಲ್ಕು ವರ್ಷದ ಹುಡುಗಿಯೊಬ್ಬಳು ಕಿಟಕಿಗೆ ಒರಗಿ ನಿಂತಿದ್ದಳು. ಅವಳ ತುಟಿ ಆಡುತ್ತಿತ್ತು, ದನಿಯಿರಲಿಲ್ಲ. ಆ ತುಟಿಗೆ ದನಿ ಕೊಡಬೇಕಾದವಳಿಗೆ ಈಗ ಎಪ್ಪತ್ತೆರಡು. ಹುಡುಗಿಯೂ ಅವಳೇ, ಮುದುಕಿಯೂ ಅವಳೇ. ನಡುವೆ ಕಾಲು ಚಾಚಿ ಕೂತಿದ್ದವಳು ಮಾತ್ರ ಗೊಣಗತ್ತೆ.

ಗೊಣಗತ್ತೆಯ ನಗೆ ಧಾರಾವಾಹಿ ಟಿವಿಯಲ್ಲಿ ಇಪ್ಪತ್ತೆರಡು ವರ್ಷ ಓಡಿತ್ತು. ಮೂವತ್ತೊಂದನೇ ವಯಸ್ಸಿಗೆ ತಲೆಗೆ ಬಿಳಿ ಪೌಡರು ಹಚ್ಚಿಕೊಂಡು ಅತ್ತೆಯಾದವಳಿಗೆ ಕೊನೆಯ ಕಂತುಗಳ ಹೊತ್ತಿಗೆ ಪೌಡರಿನ ಖರ್ಚೇ ಇರಲಿಲ್ಲ. ಈಗಲೂ ಮರುಪ್ರಸಾರ ನಡೆದೇ ಇತ್ತು. ಬಸ್ಸಿನಲ್ಲಿ, ಆಸ್ಪತ್ರೆಯ ಸಾಲಿನಲ್ಲಿ, ತರಕಾರಿ ಅಂಗಡಿಯಲ್ಲಿ ಜನ "ಅತ್ತೇ, ಒಂದ್ಸಲ ಗೊಣಗಿ" ಎನ್ನುತ್ತಿದ್ದರು. ಗೊಣಗುತ್ತಿದ್ದಳು. ಅವರು ನಕ್ಕು ಹೋಗುತ್ತಿದ್ದರು. ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಮಾರನೆಯ ದಿನ ಬಾಗಿಲು ತೆರೆಯುವವರೆಗೂ ಮಾತಾಡುವ ಕೆಲಸ ಇರುತ್ತಿರಲಿಲ್ಲ.

"ನಿಮ್ಮ ಮೊದಲ ಪಾತ್ರ ಯಾವುದು?" ಎಂದು ಕೇಳಿದವರಿಗೆಲ್ಲ ಅವಳು ಹೇಳುತ್ತಿದ್ದದ್ದು ಒಂದೇ ಮಾತು: "ಗೊಣಗತ್ತೆ ಕಣಪ್ಪ. ಅದಕ್ಕೂ ಮುಂಚೆ ನಾನು ಹುಟ್ಟೇ ಇರ್ಲಿಲ್ಲ."

ಮೂರು ವಾರದ ಹಿಂದೆ ಆ ಸುಳ್ಳು ಒಂದು ತಗಡಿನ ಡಬ್ಬಿಯಿಂದ ಬಯಲಿಗೆ ಬಿದ್ದಿತ್ತು. ನಲವತ್ತೆಂಟು ವರ್ಷದ ಹಿಂದೆ ಟಿವಿಯಲ್ಲಿ ಒಂದೇ ಸಲ ಬಂದ ನಾಟಕ. ಒಬ್ಬಳು ಟೀಚರು, ಒಬ್ಬಳು ಟೈಪಿಸ್ಟು, ಬಾಡಿಗೆಯ ಒಂದು ಕೋಣೆ. ಇಬ್ಬರೂ ಒಬ್ಬರನ್ನೊಬ್ಬರು ಪ್ರೀತಿಸುತ್ತಾರೆ. ಕೊನೆಗೆ ಟೈಪಿಸ್ಟು ಮದುವೆಗೆ ಒಪ್ಪಿ ಟ್ರಂಕು ಹಿಡಿದು ಹೊರಡುತ್ತಾಳೆ. ಪ್ರಸಾರವಾದ ಮಾರನೇ ವಾರ ಬೈಗುಳದ ಪತ್ರಗಳು ಚೀಲದಲ್ಲಿ ಬಂದವು. ಆಗ ಟೇಪು ದುಬಾರಿ. ನಾಟಕವನ್ನು ಅಳಿಸಿ ಅದರ ಮೇಲೆ ಫುಟ್‌ಬಾಲ್ ಪಂದ್ಯ ತುಂಬಿದರು. ಆದರೆ ಪ್ರಸಾರದ ದಿನ ಯಾರೋ ಪುಣ್ಯಾತ್ಮ ಪರದೆಗೇ ಕ್ಯಾಮೆರಾ ಹಿಡಿದು ಫಿಲ್ಮಿಗೆ ಇಳಿಸಿಟ್ಟಿದ್ದ. ಚಿತ್ರದ ಸುರುಳಿ ಸಿಕ್ಕಿತು, ದನಿಯ ಸುರುಳಿ ಸಿಗಲಿಲ್ಲ. ಟೈಪು ಮಾಡಿದ ಸಂಭಾಷಣೆ ಮಾತ್ರ ಬೇರೊಂದು ಕಪಾಟಿನಲ್ಲಿತ್ತು.

"ಹೆಣ್ಣು ಹೆಣ್ಣನ್ನ ಪ್ರೀತಿಸೋ ಕಥೆ ನಮ್ಮ ಟಿವಿಲಿ ಇದಕ್ಕಿಂತ ಮುಂಚೆ ಬಂದಿರೋದು ಯಾರಿಗೂ ಗೊತ್ತಿಲ್ಲಮ್ಮ," ಎಂದು ಬೆಳಿಗ್ಗೆ ಬಂದ ಕೂಡಲೇ ಸಂಗ್ರಹಾಲಯದವಳು ಹೇಳಿದ್ದಳು. "ಮುಂದಿನ ತಿಂಗಳು ದೊಡ್ಡ ಪರದೆ ಮೇಲೆ ಹಾಕ್ತೀವಿ. ನಾನೂ ನನ್ನ ಜೊತೆಗಾತಿಯೂ ದನಿ ಇಲ್ದೇನೇ ಎರಡು ಸಲ ನೋಡಿದ್ವಿ. ಅವಳು ಅತ್ತೇಬಿಟ್ಳು."

ಜೊತೆಗಾತಿ ಎಂಬ ಮಾತನ್ನು ಅವಳು ನಾದಿನಿ, ಓರಗಿತ್ತಿ ಎನ್ನುವಷ್ಟು ಸಲೀಸಾಗಿ ಆಡಿದ್ದಳು. ಮುದುಕಿ ಕೇಳಿಸದವಳಂತೆ ಚಹಾದ ಲೋಟ ಎತ್ತಿಕೊಂಡಳು.

ಆಮೇಲೆ ಒಂದು ಫಾರಮ್ಮು ಬಂತು. ಹೆಸರು, ವಯಸ್ಸು, ಒಪ್ಪಿಗೆಯ ಸಹಿ. ನಡುವೆ ಒಂದು ಸಾಲು: ಸಹಕಲಾವಿದೆಯೊಂದಿಗೆ ನಿಮ್ಮ ಪರಿಚಯ. ಅಷ್ಟನ್ನು ಬಿಟ್ಟು ಉಳಿದದ್ದನ್ನೆಲ್ಲ ತುಂಬಿಸಿ ಕೊಟ್ಟಳು.

"ಇದೊಂದು ಬಿಟ್ಟೋಯ್ತಲ್ಲಮ್ಮ?"

"ಆಮೇಲೆ ನೋಡೋಣ."

ಹನ್ನೊಂದು ಗಂಟೆಯ ಹೊತ್ತಿಗೆ ಸೌಂಡಿನವನೇ ಒಂದು ಉಪಾಯ ಕಂಡುಹಿಡಿದ. "ಅಮ್ಮ, ಗದ್ದ ಕೆಳಗೆ ಮಾಡಿ. ಗೊಣಗತ್ತೆ ಯಾವಾಗ್ಲೂ ಗದ್ದ ಎತ್ತಿ ಮಾತಾಡ್ತಾಳೆ." ಅವನು ಹೇಳಿದ್ದು ನಿಜವಾಗಿತ್ತು. ಗದ್ದ ಇಳಿಸಿದ ಮೇಲೆ ಅತ್ತೆ ಬರಲಿಲ್ಲ. ಆದರೆ ಹುಡುಗಿಯೂ ಬರಲಿಲ್ಲ. ಇಬ್ಬರಿಗೂ ಸೇರದ ಯಾರದೋ ಒರಟು ದನಿ ಬಂತು. "ಇದೇ ಇರ್ಲಿ, ಚೆನ್ನಾಗಿದೆ," ಎಂದ. ಅವಳ ಪಾತ್ರವಾದ ಟೀಚರಿನ ಸಾಲುಗಳು ಒಂದೊಂದಾಗಿ ಮುಗಿದವು. ಟೈಪಿಸ್ಟಿನ ಮಾತಿಗೆ ಮಾರನೇ ದಿನ ಬೇರೆ ಹುಡುಗಿ ಬರುವವಳಿದ್ದಳು.

ಟೈಪಿಸ್ಟಾದವಳನ್ನು ಆಗ ಎಲ್ಲರೂ ಕಡ್ಡಿ ಎನ್ನುತ್ತಿದ್ದರು. ಅಷ್ಟು ಸಣ್ಣಗಿದ್ದಳು. ಕಡ್ಡಿ ಟಿವಿ ಕೇಂದ್ರದಲ್ಲಿ ಉದ್ಘೋಷಕಿ. ನಾಟಕದ ಕೆಲಸವಿಲ್ಲದ ಹೊತ್ತಿನಲ್ಲಿ ಕಾರ್ಯಕ್ರಮಗಳ ನಡುವೆ ಬಂದು ಮುಂದೇನಿದೆ ಎಂದು ಹೇಳುವ ಕೆಲಸ. ಪದದ ಕೊನೆಯ ಅಕ್ಷರವನ್ನೂ ನುಂಗದೆ ಮಾತಾಡುತ್ತಿದ್ದಳು. ಉಪ್ಪು ಕೇಳಿದರೂ ವಾರ್ತೆ ಓದಿದಂತಿರುತ್ತಿತ್ತು.

ಕೊನೆಯ ದೃಶ್ಯ ಬಂತು. ಬಾಗಿಲಲ್ಲಿ ಕಡ್ಡಿ ಕ್ಯಾಮೆರಾಕ್ಕೆ ಮುಖ ಮಾಡಿ ನಿಂತಿದ್ದಾಳೆ, ಕೈಯಲ್ಲಿ ಟ್ರಂಕು. ಟೀಚರಿನ ಬೆನ್ನು ಮಾತ್ರ ಕಾಣುತ್ತದೆ. "ಬೀಗದಕೈ ಕಿಟಕಿ ಮೇಲಿದೆ" ಎಂಬಲ್ಲಿಗೆ ಬರೆದ ಸಂಭಾಷಣೆ ಮುಗಿಯುತ್ತದೆ. ಆದರೆ ಪರದೆಯ ಮೇಲೆ ಕಡ್ಡಿಯ ತುಟಿ ನಿಲ್ಲಲಿಲ್ಲ. ಇನ್ನೂ ಅರ್ಧ ನಿಮಿಷ ಏನೋ ಹೇಳುತ್ತಲೇ ಇದ್ದಳು.

"ಇದೇನಮ್ಮ ಹೇಳ್ತಿರೋದು?" ಸಂಗ್ರಹಾಲಯದವಳು ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಬಂದಳು. "ಕಾಗದದಲ್ಲಿ ಇಲ್ಲ. ನಾವು ಎಷ್ಟು ತಲೆ ಕೆಡಿಸ್ಕೊಂಡ್ವಿ ಗೊತ್ತಾ?"

"ಅದೇನೂ ಅಲ್ಲ. ಕೊನೇಲಿ ಸಂಗೀತ ಏರಿದ ಕೂಡ್ಲೇ ನಮ್ಮ ಮೈಕು ಮುಚ್ತಿದ್ರು. ಹೆಸರುಗಳು ಹೋಗೋವರೆಗೂ ತುಟಿ ಮಾತ್ರ ಆಡ್ತಿರಬೇಕು. ಬಾಯಿಗೆ ಬಂದದ್ದು ಹೇಳ್ತಿದ್ವಿ. ಒಬ್ಬ ರಾಜನ ಪಾರ್ಟಿನೋನು ಸಾಯೋ ದೃಶ್ಯದಲ್ಲಿ ನಿರ್ದೇಶಕನಿಗೆ ಅವನಪ್ಪನ ಕಾಲದಿಂದ ಹಿಡ್ಕೊಂಡು ಬೈತಿದ್ದ. ನೋಡೋರು ಕಣ್ಣೀರು ಹಾಕೋರು."

ಸೌಂಡಿನವನು ಹೊಟ್ಟೆ ಹಿಡಿದು ನಕ್ಕ. ಅವಳು ಹೇಳಿದ್ದು ಅಕ್ಷರಶಃ ನಿಜ. ಅಷ್ಟು ಗಟ್ಟಿ ನಿಜದ ಹಿಂದೆ ಏನನ್ನು ಬೇಕಾದರೂ ಬಚ್ಚಿಡಬಹುದಿತ್ತು.

"ಹಾಗಾದ್ರೆ ಬರೀ ಸಂಗೀತ ಹಾಕ್ತೀವಿ," ಎಂದು ಸಂಗ್ರಹಾಲಯದವಳು ಕಾಗದದ ಮೇಲೆ ಗೆರೆ ಎಳೆದಳು. ಮುಖ ಸಣ್ಣಗಾಗಿತ್ತು. "ನಿಮಗೆ ಆಕೆ ಆಮೇಲೆ ಸಿಗ್ತಿದ್ರಾ ಅಮ್ಮ?"

"ಊಟ ಮುಗಿಸ್ಕೊಂಡು ಬರ್ತೀನಿ," ಎಂದು ಅವಳು ಎದ್ದಳು.

ಊಟದ ಕೋಣೆಯಲ್ಲಿ ಯಾರೂ ಇರಲಿಲ್ಲ. ಡಬ್ಬಿ ಬಿಚ್ಚುವಷ್ಟರಲ್ಲಿ ತಮ್ಮನ ಫೋನು ಬಂತು. ತಮ್ಮನದು ಕನ್ನಡಕದ ಅಂಗಡಿ. ಗೋಡೆಯ ಮೇಲೆ ಗೊಣಗತ್ತೆ ಮೂಗಿನ ತುದಿಗೆ ಕನ್ನಡಕ ಜಾರಿಸಿಕೊಂಡ ದೊಡ್ಡ ಫೋಟೊ ಇತ್ತು. ಭಾನುವಾರದ ಊಟ ಅವನ ಮನೆಯಲ್ಲಿ. ವಾರದಲ್ಲಿ ಅವಳಿಗೆಂದು ಯಾರಾದರೂ ತಟ್ಟೆ ಇಡುತ್ತಿದ್ದದ್ದು ಅಲ್ಲಿ ಮಾತ್ರ.

"ಅಕ್ಕಾ, ಆ ಹಳೇ ನಾಟಕದ್ದು ಪೇಪರಲ್ಲಿ ಬರುತ್ತಂತೆ ಹೌದಾ?"

"ಬರಬಹುದು."

"ನಾಟಕ ಅಂದ್ಮೇಲೆ ನಾಟಕ, ಅದಕ್ಕೆ ಯಾರೂ ಏನೂ ಅನ್ನಲ್ಲ. ಅದರಾಚೆಗಿನದನ್ನ ಕೇಳಿದ್ರೆ ನೀನು ಬಾಯಿ ಬಿಡ್ಬೇಡ, ಅಷ್ಟೇ. ನಾಳೆ ಅಂಗಡಿಗೆ ಬಂದೋರಿಗೆಲ್ಲ ನಾನೇನು ಹೇಳ್ಲಿ?"

"ಕನ್ನಡಕ ಬೇಕಾ ಅಂತ ಕೇಳು."

"ತಮಾಷೆ ಬೇಡ ಅಕ್ಕ. ಮನೇಲಿ ನಿನ್ನ ನಾದಿನಿ... ಮಕ್ಕಳಿದ್ದಾರೆ, ಮೊಮ್ಮಕ್ಕಳಿದ್ದಾರೆ. ಅವರ ಜೊತೆ ಕೂತು ಊಟ ಮಾಡ್ಬೇಕಲ್ಲ ನೀನು."

ಹೆದರಿಸಲು ಹೇಳಿದ್ದಲ್ಲ. ಅವನೇ ಹೆದರಿದ್ದ. ಅದಕ್ಕೇ ಅವಳಿಗೆ ಬೈಯಲು ಬಾಯಿ ಬರಲಿಲ್ಲ. "ಆಯ್ತಪ್ಪ, ಇಡ್ತೀನಿ," ಎಂದು ಫೋನು ಕೆಳಗಿಟ್ಟಳು. ಆ ನಾಟಕದ ಕಾಲಕ್ಕೆ ತಮ್ಮನಿಗೆ ಹದಿನೇಳು. ಅವಳನ್ನು ನೋಡಲು ಬಂದಾಗೆಲ್ಲ ಕಡ್ಡಿಯ ಕೈಯಡುಗೆ ಉಂಡು ಹೋದವನು.

ಅವಳೂ ಕಡ್ಡಿಯೂ ಇದ್ದ ಕೋಣೆಗೆ ಟಿಪ್ಪಣಿ ಪುಸ್ತಕ ಹಿಡಿದು ಪತ್ರಿಕೆಯವನು ಬಂದ ದಿನ ತಮ್ಮ ಇರಲಿಲ್ಲ. ಪತ್ರಗಳ ಗಲಾಟೆ ಎದ್ದ ವಾರವದು. ಪತ್ರಿಕೆಯವನು ಒಂದೇ ಮಂಚದ ಕೋಣೆಯನ್ನು ಸುತ್ತ ನೋಡಿ, "ನೀವಿಬ್ರೂ ನಿಜವಾಗ್ಲೂ ಒಟ್ಟಿಗೇ ಇರೋದಂತೆ?" ಎಂದು ಕೇಳಿದ್ದ. ಕಡ್ಡಿ ಅಡುಗೆಮೂಲೆಯ ಪರದೆಯ ಹಿಂದೆ ಚಹಾ ಕಾಯಿಸುತ್ತಿದ್ದಳು. ಇವಳು ಒಂದು ಉಸಿರೂ ಎಳೆಯದೆ ಹೇಳಿದ್ದಳು: "ಛೆ, ಯಾರು ಹೇಳಿದ್ದು? ಆಕೆ ಯಾರೋ, ನಾನು ಯಾರೋ. ಸೆಟ್ಟಲ್ಲಿ ನೋಡಿದ್ದಷ್ಟೇ. ಇವತ್ತು ಏನೋ ಕೆಲಸಕ್ಕೆ ಬಂದಿದ್ದಾರೆ."

ಕಡ್ಡಿ ಎರಡು ಕಪ್ಪು ಚಹಾ ತಂದಳು. ಒಂದು ಪತ್ರಿಕೆಯವನಿಗೆ, ಒಂದು ಇವಳಿಗೆ. ತನಗೆ ತಂದುಕೊಳ್ಳಲಿಲ್ಲ. "ಬರ್ತೀನಿ ಮೇಡಂ," ಎಂದು ಬಾಗಿಲಲ್ಲಿ ಚಪ್ಪಲಿ ಮೆಟ್ಟಿ, ತನ್ನದೇ ಮನೆಯಿಂದ ಅತಿಥಿಯ ಹಾಗೆ ಹೊರಗೆ ಹೋದಳು. ಸಂಜೆ ವಾಪಸು ಬಂದಳು, ನಿಜ. ಒಂದು ಮಾತೂ ಬೈಯಲಿಲ್ಲ. ಎಂಟನೇ ದಿನಕ್ಕೆ ಬೇರೆ ಊರಿನ ರೇಡಿಯೋಗೆ ವರ್ಗ ಕೇಳಿಕೊಂಡು ಹೊರಟಳು. ನಾಲ್ಕು ವರ್ಷದ ಹಿಂದೆ ಪೇಪರಿನ ಮೂಲೆಯಲ್ಲಿ ಮೂರು ಸಾಲು ಬಂದಿತ್ತು: ನಿವೃತ್ತ ಉದ್ಘೋಷಕಿ, ಅವಿವಾಹಿತೆ, ಅಲ್ಪಕಾಲದ ಅಸ್ವಸ್ಥತೆಯಿಂದ ನಿಧನ. ಮುದುಕಿ ಆ ಹಾಳೆಯನ್ನು ಕತ್ತರಿಸಿಯೂ ಇಡಲಿಲ್ಲ. ಕತ್ತರಿಸಿದರೆ ಎಲ್ಲಿ ಇಡುವುದೆಂದು ಅವಳಿಗೆ ತಿಳಿಯಲಿಲ್ಲ.

ಡಬ್ಬಿಯನ್ನು ಹಾಗೇ ಮುಚ್ಚಿ ಅವಳು ಒಳಗೆ ಬಂದಳು.

"ಆ ಕೊನೇದು ಇನ್ನೊಂದ್ಸಲ ಹಾಕಪ್ಪ."

"ಸಂಗೀತ ಹಾಕೋದು ಅಂದ್ರಲ್ಲಮ್ಮ?"

"ಹಾಕು ಅಂದೆ."

ಬಾಗಿಲು, ಟ್ರಂಕು, ಕಡ್ಡಿಯ ಮುಖ. ಅವಳು ಗದ್ದ ಇಳಿಸಲಿಲ್ಲ, ಎತ್ತಲೂ ಇಲ್ಲ. ಆ ತುಟಿಯನ್ನೇ ನೋಡುತ್ತ, ಅದು ಆಡಿದ ಹಾಗೆ ಆಡಿದಳು:

"ಮೊದಲು ಹೋದವರು ಹಗ್ಗದ ಮೇಲಿನ ಬಟ್ಟೆ ಒಳಗೆ ತಗೋಬೇಕು, ಮೋಡ ಹಾಕಿದೆ. ನಿನ್ನ ಕೆಮ್ಮಿನ ಔಷಧಿ ತಂದಿದ್ದೀನಿ, ದಿಂಬಿನ ಹತ್ತಿರ ಇದೆ. ನಗಬೇಡ ಕೋತಿ, ಬೆನ್ನು ಅಲ್ಲಾಡ್ತಿದೆ. ನಂದು ಇನ್ನೂ ಎರಡು ಪ್ರಕಟಣೆ ಇದೆ ಕಣೇ, ಲೇಟಾಗುತ್ತೆ. ಉಂಡು ಮಲಗು. ನನಗೋಸ್ಕರ ಕಾಯಬೇಡ."

ಒಂದು ಅಕ್ಷರವೂ ಹಿಂದೆಮುಂದೆ ಆಗಲಿಲ್ಲ. ಪದಗಳ ಕೊನೆ ಸ್ಪಷ್ಟವಾಗಿತ್ತು, ವಾರ್ತೆ ಓದಿದ ಹಾಗೆ. ಸೌಂಡಿನವನು ನಗಲಿಲ್ಲ.

ಸಂಗ್ರಹಾಲಯದವಳು ಬಾಗಿಲು ತಳ್ಳಿಕೊಂಡು ಒಳಗೇ ಬಂದಳು. ಕೈಯಲ್ಲಿ ಫಾರಮ್ಮು ಇತ್ತು.

"ಬರಿ," ಎಂದಳು ಮುದುಕಿ. "ಆ ಖಾಲಿ ಸಾಲು."

"ಗೆಳತಿ ಅಂತ ಬರೀಲಾ ಅಮ್ಮ?"

"ಬೆಳಿಗ್ಗೆ ನೀನು ನಿನ್ನವಳಿಗೆ ಒಂದು ಮಾತು ಅಂದ್ಯಲ್ಲ, ಅದನ್ನ ಬರಿ. ಆಗ ನಮ್ಮ ಹತ್ರ ಆ ಮಾತು ಇರ್ಲಿಲ್ಲ." ಫಾರಮ್ಮಿನ ಕಡೆ ಬೆರಳು ತೋರಿಸಿ ಹೇಳಿದಳು: "ದೊಡ್ಡ ಅಕ್ಷರದಲ್ಲಿ ಬರಿ. ನಮ್ಮ ತಮ್ಮನ್ನ ಕೇಳಿದ್ರೆ ಕನ್ನಡಕ ಕೊಡ್ತಾನೆ, ಆದ್ರೂ ದೊಡ್ಡದಾಗೇ ಇರ್ಲಿ."

ಸಂಗ್ರಹಾಲಯದವಳು ಮೊಣಕಾಲಿನ ಮೇಲೆ ಕಾಗದ ಇಟ್ಟುಕೊಂಡು ಬರೆದಳು. ಮುದುಕಿ ಅದನ್ನು ಓದಿ, ಕೆಳಗೆ ಇನ್ನೊಮ್ಮೆ ಸಹಿ ಹಾಕಿದಳು. ಬೇಕಿರಲಿಲ್ಲ, ಆದರೂ ಹಾಕಿದಳು.

"ಅಮ್ಮ, ಕಾಯಬೇಡ ಅಂದ್ರಲ್ಲ ಅವರು. ಅದಕ್ಕೆ ನೀವೇನಂದ್ರಿ? ನಿಮ್ಮ ಬೆನ್ನಷ್ಟೇ ಕಾಣೋದು."

"ಕಾಯ್ತೀನಿ ಅಂದೆ."

ಗಾಜಿನ ಆಚೆಯಿಂದ ಸೌಂಡಿನವನು ಮೆಲ್ಲಗೆ ಕೇಳಿದ: "ಅದನ್ನೂ ತಗೊಳ್ಳೋಣ್ವಾ? ಬೆನ್ನು ಅಲ್ವಾ, ತುಟಿ ಕೂಡಿಸೋ ತಾಪತ್ರಯ ಇಲ್ಲ. ಅವರದು ಮುಗಿದ ಕೂಡ್ಲೇ ಹೇಳಿಬಿಡಿ."

ಕೆಂಪು ದೀಪ ಹತ್ತಿತು. ಕಡ್ಡಿಯ ತುಟಿ ಆಡಿ ನಿಂತಿತು. ಟೀಚರಿನ ಬೆನ್ನು ಒಮ್ಮೆ ಕದಲಿತು. ಮುದುಕಿ ಬಾಯಿ ತೆರೆದಳು, ಮಾತು ಹೇಳಬೇಕಾದ ಜಾಗ ದಾಟಿಹೋಯಿತು.

"ಪರವಾಗಿಲ್ಲಮ್ಮ, ಇನ್ನೊಂದ್ಸಲ."

ಇನ್ನೊಂದು ಸಲವೂ ದಾಟಿಹೋಯಿತು. ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ಜಾಗ ತಪ್ಪದವಳು.

ಮೂರನೇ ಸಲ ಸೌಂಡಿನವನು ಚಿತ್ರವನ್ನು ನಿಲ್ಲಿಸದೆ ಓಡಲು ಬಿಟ್ಟ. ಕಡ್ಡಿ ಟ್ರಂಕು ಎತ್ತಿಕೊಂಡು ತಿರುಗಿದಳು. ಬಾಗಿಲು ಖಾಲಿಯಾಯಿತು. ಹೆಸರುಗಳು ಹೋದವು, ಫಿಲ್ಮಿನ ಗೀರುಗಳು ಹೋದವು, ಆಮೇಲೆ ಪರದೆಯ ತುಂಬ ಬರೀ ಬಿಳಿ ಬೆಳಕು ಉಳಿಯಿತು. ಅವಳು ಮೈಕಿನ ಮುಂದೆಯೇ ನಿಂತಿದ್ದಳು. ಅವನು ಗುಂಡಿಯ ಮೇಲಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡು ಕೂತ. ಕೆಂಪು ದೀಪ ಉರಿಯುತ್ತಲೇ ಇತ್ತು.