ಕಿವಿಯ ಮುಂದಿನ ನೆಂಟ

ಎದುರಿಗೆ ಬಂದವರ ಕುಶಲವನ್ನು ಬಾಯಿಂದ ಕೇಳದೆ, ಅವರ ಕಿವಿಯ ಮುಂದೆ ಮೆಲ್ಲನೆ ಎರಡು ಬೆರಳಿಟ್ಟು ತಿಳಿದುಕೊಳ್ಳುವ ಮನುಷ್ಯ ಅವರು. ಆಸ್ಪತ್ರೆಗೆಲ್ಲ ಅವರು ಗಂಟಿನ ಡಾಕ್ಟರು. ಕೋಟಿನ ಗುಂಡಿ, ಕುರ್ಚಿಯ ಕೈ, ಬಾಗಿಲ ಚಿಲಕ, ಯಾವುದಾದರೇನು, ಹೊಲಿಗೆಯ ದಾರದ ತುಂಡೊಂದು ಸಿಕ್ಕರೆ ಮಾತಾಡುತ್ತಲೇ ಅಲ್ಲೊಂದು ಗಂಟು ಬೀಳುತ್ತಿತ್ತು. ಅವರು ಮುಖ ಗಂಟಿಕ್ಕಿದ್ದನ್ನು ಮಾತ್ರ ಕಂಡವರಿಲ್ಲ. ಎಡಗಾಲನ್ನು ತುಸು ಎಳೆದು ನಡೆಯುವ ಆ ಚಪ್ಪಲಿಯ ಸದ್ದು ಕೇಳಿದರೆ ಥಿಯೇಟರಿನ ಹಿರಿಯ ಸಿಸ್ಟರಿಗೆ ಅರ್ಧ ಭಾರ ಇಳಿದಂತಾಗುತ್ತಿತ್ತು.

ಕತ್ತಿನ ದೊಡ್ಡ ರಕ್ತನಾಳ ಮೇಲೇರುತ್ತ ಎರಡಾಗಿ ಕವಲೊಡೆಯುತ್ತದೆ, ಒಂದು ಮುಖಕ್ಕೆ, ಇನ್ನೊಂದು ಮಿದುಳಿಗೆ. ರಕ್ತ ತುಂಬಿದ ಗಾಯದಲ್ಲಿ ಎರಡೂ ಅವಳಿಜವಳಿ. ರಕ್ತ ನಿಲ್ಲದಾಗ ಮುಖದ್ದನ್ನು ಕಟ್ಟಿದರೆ ಜೀವ ಉಳಿದೀತು. ಮಿದುಳಿನದನ್ನು ಕಟ್ಟಿದರೆ ಅರ್ಧ ದೇಹವೇ ಸ್ವಾಧೀನ ತಪ್ಪೀತು. ಅದಕ್ಕೇ ಡಾಕ್ಟರು ದಾರ ಸುತ್ತಿ, ಗಂಟು ಹಾಕದೆ ಸುಮ್ಮನೆ ಬಿಗಿಹಿಡಿದು, ರೋಗಿಯ ಕಿವಿಯ ಮುಂದೆ ಬೆರಳಿಟ್ಟು ನಿಂತ ಸಿಸ್ಟರನ್ನು ಕೇಳುವರು: "ಏನಂತಾನೆ ನಮ್ಮ ನೆಂಟ?" ಮುಖದ ನಾಳದ ಕೊನೆಯ ಕುಡಿ ಮಿಡಿಯುವುದು ಅಲ್ಲಿಯೇ. ಆ ಮಿಡಿತವೇ ಅವರ ನೆಂಟ. ಅದು ನಿಂತರೆ ಹಿಡಿದದ್ದು ಸರಿ. ಗಂಟಿಗಿಂತ ಮೊದಲು ನಂಟು ನೋಡಬೇಕೆಂಬುದು ಅವರ ಹಳೆಯ ತಮಾಷೆ.

ಒಂದು ಮಧ್ಯಾಹ್ನ ಮೇಜಿನ ಮೇಲೆ ಬಂದವನು ಸಿಸ್ಟರ ಒಡಹುಟ್ಟಿದ ತಮ್ಮ. ಲಾರಿಯ ಗಾಜು ದವಡೆಯನ್ನು ಸೀಳಿತ್ತು. ಬಟ್ಟೆ ಒತ್ತಿದಷ್ಟೂ ರಕ್ತ ಉಕ್ಕುತ್ತಿತ್ತು.

"ನೀವು ಹೊರಗಿರಿ ಸಿಸ್ಟರ್," ಎಂದರು ಡಾಕ್ಟರು.

"ಇವನ ಕಿವಿ ಹಿಂಡಿ ಬೆಳೆಸಿದೋಳು ನಾನು. ಅಲ್ಲಿ ಬೇರೆಯವ್ರ ಬೆರಳು ಬೇಡ ಸಾರ್."

ದಾರ ಬಿಗಿಯಾಯಿತು. "ಏನಂತಾನೆ?"

ನೆಂಟ ಬಡಿಯುತ್ತಲೇ ಇದ್ದ. ಇದು ನನ್ನ ಬೆರಳಿನದೇ ಮಿಡಿತವಿರಬಹುದೇ ಎಂದು ಸಿಸ್ಟರಿಗೆ ಅನುಮಾನ. ಹೇಗಾದರಾಗಲಿ, ಕಟ್ಟಿಬಿಡಲಿ, ಈ ರಕ್ತ ನಿಲ್ಲಲಿ ಎಂಬ ಆಸೆ ಗಂಟಲವರೆಗೆ ಬಂದಿತ್ತು. ಅದನ್ನು ನುಂಗಿಕೊಂಡು, "ಬಡೀತಾನೇ ಇದ್ದಾನೆ ಸಾರ್," ಎಂದರು.

"ಹಾಗಾದ್ರೆ ತಪ್ಪಿದ್ದು ನಾನು." ಡಾಕ್ಟರು ಅಷ್ಟೇ ಅಂದು, ದಾರ ಸಡಿಲಿಸಿ, ಪಕ್ಕದ ನಾಳವನ್ನು ಹುಡುಕಿ ಹಿಡಿದರು. ಈ ಸಲ ಬೆರಳಿನಡಿ ಮಿಡಿತ ಅಡಗಿತು.

"ಸುಮ್ಮನಾದ."

ಗಂಟು ಬಿತ್ತು, ರಕ್ತ ಇಳಿಯಿತು. ಸಿಸ್ಟರ್ ಹೊರಗೆ ಹೋಗಿ ಗೋಡೆಗೆ ಹಣೆಯೊತ್ತಿ ಮನಸಾರೆ ಅತ್ತರು.

ಮರುದಿನ ವಾರ್ಡಿಗೆ ಆ ಚಪ್ಪಲಿಯ ಸದ್ದು ಬಂದಾಗ, ಬಾಯಿ ತೆರೆಯಲಾಗದ ತಮ್ಮ ಎರಡೂ ಕೈಗಳನ್ನೆತ್ತಿ ಮುಗಿದ. ಮೊದಲು ಹಿಡಿದ ನಾಳವನ್ನೇ ಕಟ್ಟಿದ್ದರೆ ಏಳದೇ ಹೋಗಬಹುದಾಗಿದ್ದ ಆ ಎರಡನೆಯ ಕೈಯ ಮೇಲಿಂದ ಅಕ್ಕನ ಕಣ್ಣು ಕದಲಲಿಲ್ಲ.

ಗಂಟು ಹಾಕುವ ಕೈಚಳಕ ಬೇಕಾದಷ್ಟು ಜನರಿಗುಂಟು. ಬಿಗಿಹಿಡಿದ ದಾರವನ್ನು ಇನ್ನೊಬ್ಬರ ಬೆರಳಿನ ಮಾತಿಗೆ ಸಡಿಲಿಸಬಲ್ಲವರು ವಿರಳ. ನಂಬಿ ಕೊರಳು ಕೊಡುವುದಾದರೆ ಅಂಥವರಿಗೇ ಕೊಡಬೇಕು.