ಎಡಗಾಲಿನ ಕಾಲುಚೀಲ

ಶನಿವಾರ ಬಂತೆಂದರೆ ನಮ್ಮ ವೃದ್ಧಾಶ್ರಮಕ್ಕೆ ನರ್ಸಿಂಗ್ ಕಾಲೇಜಿನ ಹುಡುಗಿಯರ ದಂಡು ಬರುತ್ತದೆ. ಸೇವೆಯಂತೆ, ಸೇವೆ! ನಲವತ್ತು ಗಂಟೆ ಸೇವೆ ಮಾಡದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ, ಅದಕ್ಕೇ ಇಷ್ಟೊಂದು ಕರುಣೆ ಉಕ್ಕುವುದು. ಕಳೆದ ವಾರ ಒಬ್ಬಳು ಬಂದವಳೇ ನನ್ನ ಗಲ್ಲ ಹಿಡಿದು, "ಅಜ್ಜಿ, ಮಮ್ಮು ಆಯ್ತಾ?" ಎಂದಳು. ಮೈಯೆಲ್ಲ ಉರಿದುಹೋಯಿತು. ಮೂವತ್ತೆಂಟು ವರ್ಷ ಆಸ್ಪತ್ರೆಯಲ್ಲಿ ಸಿಸ್ಟರ್ ಆಗಿದ್ದವಳು ನಾನು. ನನ್ನ ವಾರ್ಡಿನಲ್ಲಿ ದೊಡ್ಡ ಡಾಕ್ಟರೂ ಗಟ್ಟಿಯಾಗಿ ಕೆಮ್ಮುತ್ತಿರಲಿಲ್ಲ.

"ಆಯ್ತು ಪುಟ್ಟಾ. ನೀನು ಹಾಲು ಕುಡಿದ್ಯಾ?" ಎಂದೆ. ಆಮೇಲೆ ಅವಳು ನನ್ನ ಕಡೆ ಸುಳಿಯಲಿಲ್ಲ.

ಇವರು ಬಿ.ಪಿ. ನೋಡುವ ಚೆಂದವೋ! ಪಟ್ಟಿಯನ್ನು ಸ್ವೆಟರಿನ ಮೇಲೇ ಸುತ್ತುತ್ತಾರೆ. ಒಬ್ಬಳು ಫೋಟೊ ತೆಗೆಯುತ್ತಾಳೆ, ಇನ್ನೊಬ್ಬಳು ಹಲ್ಲು ಕಿರಿಯುತ್ತಾಳೆ. ಎಲ್ಲರಿಗೂ ನೂರಿಪ್ಪತ್ತು–ಎಂಬತ್ತು ಎಂದು ಬರೆದುಕೊಂಡು, ಕೊನೆಗೆ ಸೇವೆಯ ಲೆಕ್ಕದ ಹಾಳೆ ಹಿಡಿದು ನನ್ನ ಮುಂದೆ ಸಾಲು ನಿಲ್ಲುತ್ತಾರೆ. ಸಹಿ ಹಾಕುವ ಕೆಲಸವನ್ನು ಮ್ಯಾನೇಜರು ನನಗೇ ವಹಿಸಿದ್ದಾರೆ. ಹೆಸರಿನ ಕೆಳಗೆ 'ನಿವೃತ್ತ ಹಿರಿಯ ಸಿಸ್ಟರ್' ಎಂದು ದಪ್ಪಗೆ ಬರೆಯುತ್ತೇನೆ. ಗೊತ್ತಾಗಲಿ.

ಎಲ್ಲರಿಗಿಂತ ದಂಡಪಿಂಡ ಎಂದರೆ ನಾನು ಆಮೆ ಎಂದು ಕರೆಯುವವಳು. ಈ ಶನಿವಾರ ಉಳಿದವರು ಹತ್ತು ಜನರನ್ನು ಮುಗಿಸಿದರೂ ಇವಳು ನನ್ನ ಪಕ್ಕದ ಮಂಚದ ಟೈಲರಮ್ಮನ ಹತ್ತಿರವೇ ಕೂತಿದ್ದಳು. ಟೈಲರಮ್ಮನಿಗೆ ಹಳೇ ಸಕ್ಕರೆ ಕಾಯಿಲೆ. ಹದಿನೈದು ದಿನದಿಂದ "ಸಿಸ್ಟರ್, ಎಡಗಾಲು ಯಾಕೋ ಜೋಮು" ಎಂದು ನನ್ನ ಹತ್ತಿರ ರಾಗ ಎಳೆಯುತ್ತಿದ್ದಳು. "ನೋವಿದ್ಯಾ? ಇಲ್ವಲ್ಲ! ಏನೂ ಆಗಿಲ್ಲ, ಕಾಲುಚೀಲ ಹಾಕ್ಕೊಂಡು ಮಲಕ್ಕೋ" ಎಂದು ಬಾಯಿ ಮುಚ್ಚಿಸಿದ್ದೆ. ಮೊದಲೇ ಕೋಣೆಯಲ್ಲಿ ಬಚ್ಚಲ ನಾತ, ಆಯಾಳನ್ನು ದಿನಾ ಬೈದು ಸಾಕಾಗಿತ್ತು.

"ಅಜ್ಜಿ, ಕಾಲುಚೀಲ ತೆಗೀಲಾ?" ಎಂದು ಆಮೆ ಟೈಲರಮ್ಮನನ್ನು ಕೇಳಿದಳು. "ಸಕ್ಕರೆ ಕಾಯಿಲೆ ಇದ್ರೆ ಪಾದ ನೋಡ್ಲೇಬೇಕು ಅಂತ ಪುಸ್ತಕದಲ್ಲಿದೆ."

"ಪುಸ್ತಕ ಅಂತೆ! ಎರಡು ಗಂಟೇಲಿ ಒಂದೇ ಪೇಷಂಟು! ನನ್ನ ವಾರ್ಡಲ್ಲಿ ಇದ್ದಿದ್ರೆ ಮೊದಲನೇ ದಿನಾನೇ ಮನೆಗೆ ಕಳಿಸ್ತಿದ್ದೆ. ನಿನ್ನ ಹಾಳೆಗೆ ನಾನು ಸಹಿ ಹಾಕಲ್ಲ, ಹೋಗು" ಎಂದೆ.

ಅವಳ ಕಣ್ಣು ತುಂಬಿತು. ಕೈ ಮಾತ್ರ ನಿಲ್ಲಲಿಲ್ಲ. ಕಾಲುಚೀಲ ಹಿಮ್ಮಡಿಗೆ ಅಂಟಿಕೊಂಡಿತ್ತು; ನೀರಿನಲ್ಲಿ ನೆನೆಸಿ ಮೆಲ್ಲಗೆ ಬಿಡಿಸಿದಳು. ಗಬ್ಬೆಂದು ವಾಸನೆ ಬಂತು. ಹಿಮ್ಮಡಿ ಕಪ್ಪಾಗಿ ಕೊಳೆತಿತ್ತು.

ಅಯ್ಯೋ ದೇವರೇ! ಬಚ್ಚಲ ನಾತವಲ್ಲ ಅದು. ಸಕ್ಕರೆ ಕಾಯಿಲೆಯವರ ಕಾಲು ನೋವು ಹೇಳುವುದಿಲ್ಲ, ಕಣ್ಣಿಂದಲೇ ನೋಡಬೇಕು ಎಂದು ಎಷ್ಟು ಹುಡುಗಿಯರಿಗೆ ನಾನೇ ಕಿವಿ ಹಿಂಡಿ ಕಲಿಸಿದ್ದೆ.

ಆಂಬುಲೆನ್ಸಿನ ಜೊತೆ ಬಂದ ಡಾಕ್ಟರು ಪಾದ ನೋಡಿ ಮುಖ ಗಂಟಿಕ್ಕಿದರು. "ಕಾಲು ಉಳಿಯೋದು ಕಷ್ಟ. ಇಷ್ಟು ದಿನ ಯಾರಿಗೂ ಯಾಕಮ್ಮ ತೋರಿಸ್ಲಿಲ್ಲ?"

"ಬೇರೆಯವರಿಗೆ ಯಾಕೆ ತೋರಿಸ್ಲಿ?" ಎಂದಳು ಟೈಲರಮ್ಮ, ಹೆಮ್ಮೆಯಿಂದ ನನ್ನ ಕಡೆ ಕೈ ತೋರಿಸುತ್ತ. "ಪಕ್ಕದಲ್ಲೇ ಸಿಸ್ಟರ್ ಇದಾರಲ್ಲ. ಏನೂ ಆಗಿಲ್ಲ ಅಂತ ಅವರೇ ಹೇಳಿದ್ರು."

ಡಾಕ್ಟರು ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

ಆಮೆ ಟೈಲರಮ್ಮನ ಕೈ ಹಿಡಿದುಕೊಂಡೇ ಆಂಬುಲೆನ್ಸ್ ಹತ್ತಿದಳು. ಅವಳ ಹಾಳೆ ಮಂಚದ ಮೇಲೆಯೇ ಉಳಿದಿತ್ತು. ಎಷ್ಟು ಜನರನ್ನು ನೋಡಿದಿರಿ ಎಂಬ ಕಡೆ 'ಒಬ್ಬರು' ಎಂದು ಬರೆದಿದ್ದಳು. ಪೆನ್ನು ತೆಗೆದು ಸಹಿ ಹಾಕಿದೆ. ಹೆಸರಿನ ಕೆಳಗೆ ಏನನ್ನೂ ಬರೆಯಲಿಲ್ಲ.