ಮಾವನ ಎಡೆಯ ಚುಟ್ಟಾ

ನನ್ನ ಮಾವ ಸೊಣ್ಣಪ್ಪನವರಿಗೆ ದೇವರು, ಹೆಂಡತಿ, ಮಗ, ಸೊಸೆ ಎಲ್ಲರೂ ಚುಟ್ಟಾ ಆದಮೇಲೆ. ಹೀಗೆಂದರೆ ನನ್ನ ಗಂಡ ಕೃಷ್ಣನಿಗೆ ಸಿಟ್ಟು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಪಟ್ಟಂದೂರು ಅಗ್ರಹಾರಕ್ಕೆ ನಾನು ಸೊಸೆಯಾಗಿ ಬಂದ ಮೊದಲ ದಿನವೇ ನೋಡಿದ್ದೆ. ಕಾಡುಗೋಡಿಯಿಂದ ತಂದ ಚುಟ್ಟಾದ ಕಟ್ಟು ಬಿಚ್ಚಿಕೊಂಡು ಜಗಲಿಯ ಮೇಲೆ ಕೂತಿದ್ದರು. ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಬೆರಳಲ್ಲಿ ಹೊರಳಿಸುವುದು. ಚರಚರ ಅಂದರೆ ಒಣಗಿದೆ ಎಂದರ್ಥ. ಮೆಲ್ಲಗೆ ಅದುಮಿ ನೋಡುವುದು; ಒಳಗೆ ಗಂಟು ಸಿಕ್ಕಿದರೆ ಹೊಗೆ ಎಳೆಯುವುದಿಲ್ಲ. ಆಮೇಲೆ ಮೂಸುವುದು. ಕೊನೆಗೆ ನಾಲಿಗೆಯ ತುದಿಯನ್ನು ಹೊರಗಿನ ಎಲೆಗೆ ತಾಗಿಸಿ ಕಣ್ಣು ಮುಚ್ಚುವುದು. ಹೆಣ್ಣು ನೋಡಲು ನಮ್ಮ ಮನೆಗೆ ಬಂದಾಗ ನನ್ನ ವಿಷಯದಲ್ಲಿ ಇಷ್ಟು ಹೊತ್ತು ತೆಗೆದುಕೊಂಡಿರಲಿಲ್ಲ.

ಸೇದಿ ಮುಗಿಸುವ ಮುಂಚೆ ಬೆರಳಗಲದಷ್ಟು ತುದಿ ಉಳಿಸಿ, ಆರಿಸಿ, ಕಿಟಕಿಯ ಕಟ್ಟೆಯ ಮೇಲೆ ಇಡುತ್ತಿದ್ದರು. ಬುಡ ಕಹಿ ಇರಬೇಕು, ಅದಕ್ಕೇ ಬಿಡುತ್ತಾರೆ ಅಂದುಕೊಂಡಿದ್ದೆ. ಬೆಳಿಗ್ಗೆ ಗುಡಿಸಲು ಹೋದರೆ ಅದು ಅಲ್ಲಿ ಇರುತ್ತಿರಲಿಲ್ಲ. ಗಾಳಿಗೆ ಬಿದ್ದು ಹೋಯಿತೇನೋ ಎಂದು ನಾನೂ ಹುಡುಕಲಿಲ್ಲ. ಕಸ ಕಡಿಮೆಯಾದರೆ ಯಾವ ಸೊಸೆ ತಾನೇ ವಿಚಾರಿಸುತ್ತಾಳೆ?

ಕೊನೆಗೆ ಚುಟ್ಟಾವೇ ಅವರ ಎದೆಯನ್ನು ತಿಂದಿತು. ಮುಟ್ಟಲೇಬಾರದು ಅಂತ ಡಾಕ್ಟರು ಹೇಳಿದ ಮೇಲೆ ನಮ್ಮತ್ತೆ ಸೊಣ್ಣಮ್ಮ ಉಳಿದ ಕಟ್ಟನ್ನು ರಾಗಿಯ ಡಬ್ಬದಲ್ಲಿ ಹೂತಿಟ್ಟರು. ಹೋಗುವ ದಿನ ಮಾವ ಬಾಯಿಬಿಟ್ಟು ಕೇಳಿದರು, "ಒಂದ್ ದಮ್ಮು ಕೊಡೇ." ಅತ್ತೆ ಕೊಡಲಿಲ್ಲ. ಮಾವ ಗೋಡೆಯ ಕಡೆ ಮಗ್ಗುಲಾದವರು ಮತ್ತೆ ಈ ಕಡೆ ತಿರುಗಲೇ ಇಲ್ಲ.

ಅಂದಿನಿಂದ ಅತ್ತೆಗೆ ಒಂದೇ ಕೊರಗು. ಹಿರಿಯರ ಹಬ್ಬದಲ್ಲಿ ನಮ್ಮ ಕಡೆ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಡುತ್ತೇವೆ. ಮುದ್ದೆ, ಬಾಡಿನ ಸಾರು, ವಡೆ, ಕಜ್ಜಾಯ, ಕುಡಿಯುತ್ತಿದ್ದವರಿಗೆ ಬ್ರಾಂದಿ. ಎಡೆ ಇಟ್ಟು, ಸಾಂಬ್ರಾಣಿ ಹಾಕಿ, ಹಿರಿಯರು ಬಂದು ಉಣ್ಣಲಿ ಅಂತ ಬಾಗಿಲು ಹಾಕಿ ಎಲ್ಲರೂ ಹೊರಗೆ ಕೂರುವುದು ಪದ್ಧತಿ. ಮಾವ ತೀರಿಹೋದ ಮೇಲಿನ ಎರಡು ಹಬ್ಬಗಳಲ್ಲೂ ಹೊತ್ತಿಸಿಟ್ಟ ಚುಟ್ಟಾ, ಬಾಗಿಲು ತೆಗೆಯುವಷ್ಟರಲ್ಲಿ ಆರಿ ಕರಿಮೂತಿ ಮಾಡಿಕೊಂಡು ಬಿದ್ದಿತ್ತು. ಮಾವ ತಮ್ಮ ಅಪ್ಪನಿಗೆ ಇಡುತ್ತಿದ್ದ ಕಾಲದಲ್ಲಾದರೋ ಬಾಗಿಲು ತೆಗೆದರೆ ಬರೀ ಬೂದಿ ಇರುತ್ತಿತ್ತು, ನಾನೇ ಕಂಡಿದ್ದೇನೆ.

"ಅವ್ರು ಬರ್ತಾನೇ ಇಲ್ಲ ಕಣೇ ಪದ್ಮಾ," ಅಂದರು ಅತ್ತೆ ಎರಡನೇ ಸಲ. "ನನ್ ಮೇಲಿನ ಕೋಪ ಇನ್ನೂ ಓಗಿಲ್ಲ." ಅವತ್ತು ಅವರು ಎಡೆಯ ಅನ್ನವನ್ನೂ ಮುಟ್ಟಲಿಲ್ಲ. ನನಗೆ ಹೊಟ್ಟೆ ಉರಿದುಹೋಯಿತು. ಬದುಕಿದ್ದಾಗ ಮಾಡಿದ ಮುನಿಸು ಸಾಲದು ಅಂತ ಸತ್ತ ಮೇಲೂ ಮುನಿಸೇ? ಮುಂದಿನ ಹಬ್ಬಕ್ಕೆ ಕೊನೆತನಕ ಉರಿಯುವಂಥ ಚುಟ್ಟಾವನ್ನೇ ಹುಡುಕುತ್ತೇನೆ ಎಂದು ಹಟ ಹಿಡಿದೆ.

ಮೂರನೇ ವರ್ಷ ಹಬ್ಬಕ್ಕೆ ಮುಂಚೆ ಕೃಷ್ಣ ಒಂದು ಜೋಡಿ ಸಿಗಾರ್ ತಂದ. ಅವನು ಐಟಿ ಪಾರ್ಕಿನ ಕಂಪನಿಯೊಂದಕ್ಕೆ ಕಾರು ಓಡಿಸುತ್ತಾನೆ. ಊರಿಗೆ ಹೊರಟ ಯಾರೋ ವಿದೇಶಿ ಸಾಹೇಬರು ಏರ್‌ಪೋರ್ಟಿನಲ್ಲಿ ಖುಷಿಯಿಂದ ಕೈಗಿಟ್ಟರಂತೆ. ಒಂದೊಂದಕ್ಕೂ ಒಂದೊಂದು ಗಾಜಿನ ಕೊಳವೆ.

"ಈ ಸಲ ಅಪ್ಪಂಗೆ ಫಾರಿನ್ ಇಡಾಣ ಕಣೇ. ಇಡೀ ಅಗ್ರಾರದಲ್ಲಿ ಯಾರೂ ಇಟ್ಟಿರಲ್ಲ."

"ಮೊದ್ಲು ನಾನು ನೋಡ್ತೀನಿ. ನಿಮ್ಮಪ್ಪ ನಾಲಿಗೆ ತಾಗಿಸಿ ವಾಪಸ್ ಕಳಿಸೋ ಜಾತಿ," ಅಂದೆ.

ಕಾಡುಗೋಡಿಯ ಹಳೆಯ ಅಂಗಡಿಯಲ್ಲಿ ಈಗ ಮೊಬೈಲ್ ರೀಚಾರ್ಜ್ ಮಾಡುತ್ತಾರೆ. ಹೊಸಕೋಟೆಯ ಸಂತೆಗೆ ಹೋಗಿ ಚುಟ್ಟಾ ತಂದೆ. ಗಂಡ ಕೆಲಸಕ್ಕೆ ಹೋದ ಮೇಲೆ ಸಿಗಾರ್, ಚುಟ್ಟಾ ಎರಡನ್ನೂ ಸೆರಗಲ್ಲಿ ಕಟ್ಟಿಕೊಂಡು ತಾರಸಿ ಹತ್ತಿದೆ. ಜೊತೆಗೆ ಶೇಖವ್ವನನ್ನೂ ಕರೆದೆ. ಅವಳು ನಮ್ಮ ಬಾಡಿಗೆಯವಳು, ಕೊಪ್ಪಳದ ಕಡೆಯವಳು. ಗಂಡ ಹೆಂಡತಿ ಇಬ್ಬರೂ ಗಾರೆ ಕೆಲಸಕ್ಕೆ ಹೋಗುತ್ತಾರೆ. ನಮ್ಮ ದನದ ಕೊಟ್ಟಿಗೆ ಇದ್ದ ಜಾಗದಲ್ಲಿ ಕಟ್ಟಿದ ರೂಮಿನಲ್ಲಿ ಅವರ ವಾಸ.

ನೀರಿನ ಟ್ಯಾಂಕಿನ ನೆರಳಲ್ಲಿ ಕೂತು ಮೊದಲು ಸಿಗಾರ್ ಕೈಗೆತ್ತಿಕೊಂಡೆ. ಮಾವ ಮಾಡುತ್ತಿದ್ದಂತೆಯೇ ಕಿವಿಗೆ ಹಿಡಿದೆ, ಅದುಮಿದೆ, ಮೂಸಿದೆ. ಈಗಷ್ಟೇ ಹುರಿದ ಕಾಫಿ ಬೀಜದ ವಾಸನೆ, ಅದರ ಹಿಂದೆ ಹಳೇ ಮರದ ಪೆಟ್ಟಿಗೆಯ ವಾಸನೆ. ಹೊತ್ತಿಸಿ ಎಳೆದರೆ ಹೊಗೆ ಮೆತ್ತಗಿತ್ತು, ಸ್ವಲ್ಪ ಸಿಹಿಯೂ ಇತ್ತು. ಬೂದಿ ಬೆಳ್ಳಗೆ ಉದ್ದಕ್ಕೆ ನಿಂತಿತ್ತು, ಉದುರಲಿಲ್ಲ. ಆಮೇಲೆ ಚುಟ್ಟಾ. ಮೊದಲ ದಮ್ಮಿಗೇ ಗಂಟಲಿಗೆ ಒದ್ದಂತಾಗಿ ಕಣ್ಣು ಮೂಗಿನಲ್ಲೆಲ್ಲ ನೀರು ಬಂತು. ಶೇಖವ್ವ ಬಿದ್ದು ಬಿದ್ದು ನಕ್ಕಳು. ತಡೆದುಕೊಂಡು ಇನ್ನೊಂದೆರಡು ಸಲ ಎಳೆದಾಗ ನಾಲಿಗೆಯ ಕೆಳಗೆ ಒಂದು ರುಚಿ ಉಳಿಯಿತು. ಸೀದ ಬೆಲ್ಲದಂಥದ್ದು. ಬೂದಿ ಮಾತ್ರ ಕಪ್ಪಗೆ ಸೀರೆಯ ಮೇಲೆಲ್ಲ ಉದುರಿತು.

ಸುಳ್ಳು ಹೇಳಬಾರದು, ಗುಣದಲ್ಲಿ ಸಿಗಾರೇ ಮೇಲು. ಆದರೆ ನಾನು ನೋಡಬೇಕಾದದ್ದು ನನ್ನ ಬಾಯಿಂದಲ್ಲ, ಮಾವನ ಬಾಯಿಂದ. ಅವರಾಗಿದ್ದರೆ ಸಿಗಾರನ್ನು ಎರಡು ಸಲ ಎಳೆದು, "ಇದೇನಮ್ಮ, ಆಲು ಕುಡ್ದಂಗೈತೆ," ಅಂತ ಪಕ್ಕಕ್ಕಿಡುತ್ತಿದ್ದರು. ಖಾರವಿಲ್ಲದ ಸಾರಿಗೂ ಅವರು ಹಾಗೇ ಅನ್ನುತ್ತಿದ್ದರು. ಹಾಗಾಗಿ ಚುಟ್ಟಾವೇ ಸರಿ ಎಂದು ತೀರ್ಮಾನಿಸಿದೆ.

ಇನ್ನು ಉರಿಯುವ ಪರೀಕ್ಷೆ. ಎರಡನ್ನೂ ಗೋಡೆಯ ಮೇಲಿಟ್ಟು ಬಟ್ಟೆ ಹರವಿ ಬಂದೆ. ಎರಡೂ ಆರಿದ್ದವು. ಮತ್ತೆ ಹೊತ್ತಿಸಿದೆ, ಮತ್ತೆ ಆರಿದವು. ಕಟ್ಟಿನಿಂದ ಬೇರೆ ಚುಟ್ಟಾ ತೆಗೆದು ಹೊತ್ತಿಸಿದರೂ ಅದೇ ಕಥೆ.

"ಅಕ್ಕಾರ, ಸೇದವ್ರ ಇಲ್ಲಂದ್ರ ಯಾವ ಚುಟ್ಟಾನೂ ಉರಿಯಂಗಿಲ್ರೀ," ಅಂದಳು ಶೇಖವ್ವ. "ಸಿಗರೇಟಾದ್ರ ತಾನಾ ಉರೀತೈತಿ. ನಮ್ಮಜ್ಜಿ ಚನ್ನಬಸಮ್ಮ ಮಾತಿಗೆ ಕುಂತ್ಲಂದ್ರ ಒಂದ ಚುಟ್ಟಾಕ್ಕ ನಾಕ ಸಲ ಕಡ್ಡಿ ಗೀರತಿದ್ಲು."

ಕೈಯಲ್ಲಿದ್ದ ಕಡ್ಡಿಪೆಟ್ಟಿಗೆ ಕೆಳಗಿಟ್ಟೆ. ಹಾಗಾದರೆ ಮಾವನ ಅಪ್ಪನ ಎಡೆಯಲ್ಲಿ ಬೂದಿಯಾಗುತ್ತಿದ್ದದ್ದು ಹೇಗೆ? ಆಗ ನೆನಪಾಯಿತು. ಬಾಗಿಲು ಹಾಕಿದ ಮೇಲೆ ಪ್ರತಿ ವರ್ಷವೂ ಮಾವ, "ಅಸ ಕಟ್ಟಾಕಿ ಬತ್ತೀನಿ," ಅಂತ ಹಸುವಿನ ನೆಪ ಹೇಳಿ ಹಿತ್ತಲಿಗೆ ಹೋಗುತ್ತಿದ್ದರು. ಬರುವಾಗ ಗಮ್ಮೆಂದು ಚುಟ್ಟಾ ನಾತ. ಅವರ ಮೈಯಿಂದ ಯಾವಾಗ ಆ ನಾತ ಬರುತ್ತಿರಲಿಲ್ಲ? ಯಾರಿಗೂ ಅನುಮಾನ ಬಂದಿರಲಿಲ್ಲ. ಕಳ್ಳ ಮಾವ! ನಗುವೂ ಬಂತು, ಅವರ ಮೇಲೆ ಪ್ರೀತಿಯೂ ಉಕ್ಕಿತು.

ಹಬ್ಬದ ಮಧ್ಯಾಹ್ನ ಎಡೆ ಇಟ್ಟು, ಕೃಷ್ಣ ಚುಟ್ಟಾ ಹೊತ್ತಿಸಿ ಫೋಟೋದ ಮುಂದೆ ತಟ್ಟೆಯಲ್ಲಿಟ್ಟ. ಎಲ್ಲರೂ ಹೊರಗೆ ಬಂದು ಬಾಗಿಲು ಹಾಕಿದೆವು. ಅತ್ತೆ ಜಗಲಿಯ ಮೇಲೆ ಕೂತು ಬಾಗಿಲನ್ನೇ ನೋಡುತ್ತಿದ್ದರು.

"ಮೋಟರ್ ಆಫ್ ಮಾಡ್ಬಿಟ್ಟು ಬರ್ತೀನಿ," ಅಂದೆ. ಹಸುವಿನ ಕಾಲ ಹೋಯಿತಲ್ಲ, ಈಗ ನಮಗೆ ಮೋಟರೇ ಹಸು.

ಹಿಂದಿನ ಬಾಗಿಲಿಂದ ಒಳಗೆ ಹೋಗಿ ಫೋಟೋದ ಮುಂದೆ ಕೂತೆ. ಚುಟ್ಟಾದ ಕೆಂಡ ಆಗಲೇ ಮಂಕಾಗುತ್ತಿತ್ತು. "ಮಾವ, ಬಂದಿದ್ರೆ ನೀವೇ ಸೇದಿ. ನಾನು ಎದ್ದು ಹೋಗ್ತೀನಿ," ಅಂದೆ. ಸ್ವಲ್ಪ ಹೊತ್ತು ಕಾದೆ. ನಿಜವಾಗಿಯೂ ಕಾದೆ. ಕೆಂಡ ಇನ್ನಷ್ಟು ಕಪ್ಪಾಯಿತು. ಆಗ ತೆಗೆದು ಬಾಯಿಗಿಟ್ಟೆ.

ಹೊರಗಿನವರ ಮಾತು ಮುಗಿಯುವುದರೊಳಗೆ ಮುಗಿಸಬೇಕಿತ್ತು. ತಲೆ ಗಿರ್ರೆಂದರೂ ಬಿಡಲಿಲ್ಲ. ಕೊನೆಯ ಬೆರಳಗಲ ಉಳಿದಾಗ ಕೆಂಡ ತುಟಿಗೆ ತಾಗಿ ಚುರ್ರೆಂದಿತು. ಇನ್ನು ಆಗದು. ಆದರೆ ತುದಿ ಬಿಟ್ಟರೆ ಪೂರ್ತಿ ಆಗಲಿಲ್ಲ ಅಂತ ಅತ್ತೆ ಅಂದುಬಿಟ್ಟರೆ? ಅದನ್ನು ಹೊಸಕಿ ಆರಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ತಟ್ಟೆಯಲ್ಲಿ ಬರೀ ಬೂದಿ ಬಿಟ್ಟು, ಬಾಯಿ ಮುಕ್ಕಳಿಸಿ, ಲವಂಗ ಜಗಿಯುತ್ತ ಹಿತ್ತಲಿಂದ ಸುತ್ತಿಕೊಂಡು ಮುಂದಿನ ಬಾಗಿಲಿಗೆ ಬಂದೆ.

ಕೃಷ್ಣ ಕೆಮ್ಮಿ, ಬಾಗಿಲು ತಟ್ಟಿ ತೆಗೆದ. "ಅಮ್ಮಾ, ನೋಡಮ್ಮಾ! ಅಪ್ಪ ಪೂರ್ತಿ ಸೇದವ್ರೆ!" ಅಂತ ಕೂಗಿದ.

ಅತ್ತೆ ಹತ್ತಿರ ಬಂದರು. ಬಗ್ಗಿ ಬೂದಿಯನ್ನು ಬೆರಳಿಂದ ಕೆದಕಿದರು, ತಟ್ಟೆಯನ್ನು ಎತ್ತಿ ಕೆಳಗೂ ನೋಡಿದರು. "ಪೂರ್ತಿ," ಅಂದರು. ಮುಖ ಅರಳುತ್ತದೆ ಅಂತ ನಾನು ಕಾಯುತ್ತಿದ್ದರೆ, ಇದ್ದ ಬಣ್ಣವೂ ಇಳಿದುಹೋಯಿತು. ತಟ್ಟೆ ಕೆಳಗಿಟ್ಟು ಅಡುಗೆಮನೆಗೆ ಹೋದರು. ನಾನೂ ಹಿಂದೆಯೇ ಹೋದೆ.

"ಏನಾಯ್ತತ್ತೆ? ಬಂದಿದ್ರಲ್ಲ?"

"ಬಂದಿದ್ರು. ಬಂದು ಕೋಪ ತೋರಿಸ್ಬಿಟ್ಟು ಓದ್ರು." ಅತ್ತೆ ಒಲೆಯ ಕಟ್ಟೆ ಹಿಡಿದು ನಿಂತರು. "ನಂಗೆ ಅಂತ ಒಂದ್ ಬೆಟ್ಟಗಲ ತುದಿ ಬಿಡ್ತಿದ್ರು ಕಣೇ, ಕಿಟಕಿ ಮ್ಯಾಲೆ. ಮದ್ವೆ ಆದಾಗಿಂದ್ಲೂ. ನೀವೆಲ್ಲ ಮಲಗಿದ್ಮೇಲೆ ಸೇದ್ತಿದ್ದೆ. ಜಗಳ ಆಡಿದ್ ದಿನ ಮಾತ್ರ ಏನೂ ಬಿಡ್ದೆ ಪೂರ್ತಿ ಸೇದಾಕೋರು. ಅದೇ ಅವ್ರ ಕೋಪ."

ಒಳ್ಳೆಯದು ಮಾಡಲು ಹೋಗಿ, ಮೂರು ವರ್ಷದಿಂದ ಈ ಹೆಂಗಸು ಹೆದರಿದ್ದ ಮಾತನ್ನೇ ನಾನು ಬೂದಿಯಲ್ಲಿ ಬರೆದುಕೊಟ್ಟಿದ್ದೆ. ತುದಿ ಎಡೆಯ ಹಿಂದೆ ಬಿದ್ದಿತ್ತು ಅಂತ ಸುಳ್ಳು ಹೇಳೋಣ ಅನ್ನಿಸಿತು. ಸೊಂಟದಿಂದ ತುದಿ ತೆಗೆದು ಅವರ ಕೈಗಿಟ್ಟೆ, ಸುಳ್ಳು ಮಾತ್ರ ಬಾಯಿಗೆ ಬರಲಿಲ್ಲ. ಅಷ್ಟರಲ್ಲಿ ಹೊರಗಿನಿಂದ ಕೃಷ್ಣನ ಕೂಗು: "ಪದ್ಮಾ, ಟ್ಯಾಂಕ್ ತುಂಬಿ ನೀರ್ ಸುರೀತೈತೆ! ಮೋಟರ್ ಆಫ್ ಮಾಡ್ಲಿಲ್ವಾ?"

ಅತ್ತೆ ತುದಿಯನ್ನು ಅದುಮಿ ನೋಡಿದರು, ಮೂಸಿದರು. "ಒದ್ದೆ ಮಾಡಿದೀಯ. ಅವ್ರು ಯಾವತ್ತೂ ಒದ್ದೆ ಮಾಡ್ತಿರ್ಲಿಲ್ಲ." ಆಮೇಲೆ ನನ್ನನ್ನೇ ದಿಟ್ಟಿಸಿದರು. "ಮೋಟ್ರು ಅಂತ ಓದೆ. ಅವ್ರೂ ಅಸ ಕಟ್ಟಾಕ್ತೀನಿ ಅಂತ..." ಬಾಯಿಗೆ ಸೆರಗು ಹಿಡಿದುಕೊಂಡರು. ನಗುತ್ತಿದ್ದಾರೋ ಅಳುತ್ತಿದ್ದಾರೋ ನನಗೆ ತಿಳಿಯಲಿಲ್ಲ, ಎರಡೂ ಇತ್ತೇನೋ.

"ತಪ್ಪಾಯ್ತತ್ತೆ. ಪೂರ್ತಿ ಸೇದ್ಬೇಕು ಅಂತಾನೇ ಇದ್ದೆ. ತುಟಿ ಸುಡ್ತು, ಅದಕ್ಕೆ ಅಷ್ಟು ಉಳೀತು."

ಅತ್ತೆ ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ತುಟಿ ನೋಡಿದರು. ಬೊಬ್ಬೆ ಎದ್ದಿತ್ತು. ಎಷ್ಟೋ ಹೊತ್ತು ನೋಡಿದರು. ಆಮೇಲೆ ಒಲೆ ಹಚ್ಚಿ, ಆ ಮೋಟು ತುದಿಯನ್ನು ಉರಿಗೆ ಹಿಡಿದು ಹೊತ್ತಿಸಿಕೊಂಡು, ಗೋಡೆಗೊರಗಿ ಕೂತು ಒಂದು ದಮ್ಮು ಎಳೆದರು. ಮಾವನ ಹಾಗೆಯೇ ಕಣ್ಣು ಮುಚ್ಚಿದರು.

"ಕೋಪ ಇದ್ದಿದ್ರೆ," ಅಂದರು ಹೊಗೆ ಬಿಡುತ್ತ, "ನಿನ್ ತುಟಿ ಸುಟ್ಟು ನಂಗೆ ಅಂತ ಇಷ್ಟು ಉಳಿಸ್ತಿದ್ರೇನೇ?"

ನಾನು ಅವರ ಪಕ್ಕದಲ್ಲಿ ಕೂತೆ. ಅವರು ಇನ್ನೊಮ್ಮೆ ಎಳೆದು, ನಾಲಿಗೆ ಚಪ್ಪರಿಸಿ, "ಚುಟ್ಟಾ ಚೆನ್ನಾಗೈತೆ," ಅಂದರು. "ಬಾ, ಎಡೆ ಅನ್ನ ಬಡಿಸು. ಅಸಿವಾಯ್ತೈತೆ."